ಸೋಮವಾರದ ಮೊಣಕಾಲು, ಗುರುವಾರದ ಮೊಣಕಾಲು

ಮೂವತ್ತಮೂರನೆಯ ವಯಸ್ಸಿನಲ್ಲಿ ನನಗೆ ನಿವೃತ್ತಿಯ ಶಾಲು ಹೊದಿಸಿದರು. ನಗಬೇಡಿ. ಗುತ್ತಿಗೆ ಕೆಲಸದವರಿಗೆ ನಿವೃತ್ತಿಗೊಂದು ವಯಸ್ಸು ಅಂತ ಇಲ್ಲ. ಯೋಜನೆ ಮುಗಿದ ದಿನ ಅವರ ಸೇವೆಯೂ ಮುಗಿಯಿತು. ಪುತ್ತೂರಿನ ಆಸ್ಪತ್ರೆಯೊಂದರ ಮೂಳೆ ವಿಭಾಗದಲ್ಲಿ ಎಂಟು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಅರುವತ್ತು ದಾಟಿದ, ಮೊಣಕಾಲಿನ ಕೀಲು ಸವೆದವರ ಎದುರು ಕುಳಿತು ಅಚ್ಚಾದ ಪ್ರಶ್ನೆಗಳನ್ನು ಓದುವುದು, ಅವರ ಉತ್ತರಕ್ಕೆ ಗುರುತು ಹಾಕುವುದು, ಹತ್ತು ದಿನ ಬಿಟ್ಟು ಅದೇ ಜನಕ್ಕೆ ಅದೇ ಪ್ರಶ್ನೆಗಳನ್ನು ಮತ್ತೆ ಓದುವುದು.

ಕೆಲಸಕ್ಕೆ ಸೇರಿದ ವಾರ ಇದನ್ನು ವಿವರಿಸಿದಾಗ ಸುಳ್ಯದಲ್ಲಿರುವ ನನ್ನ ಅಕ್ಕ ಕೇಳಿದಳು: "ಮೊದಲ ಸಲ ಸರಿಯಾಗಿ ಕೇಳಿಸ್ಕೊಂಡಿದ್ರೆ ಎರಡನೇ ಸಲ ಹೋಗುದು ಯಾಕೆ? ನಿಮ್ಗೆ ಬೇರೆ ಎಂತ ಕೆಲಸ ಇಲ್ವಾ?"

ಈಗ ಹೊಸ ಯೋಜನೆ ಬರುತ್ತಿದೆಯಂತೆ, ಈ ಸಲ ಸೊಂಟದ ಕೀಲು. "ಹೊಸದಾಗಿ ಸೇರುವವರಿಗೆ ಏನಾದ್ರೂ ಬರೆದು ಕೊಟ್ಟು ಹೋಗು. ಉಪದೇಶ ಬೇಡ, ನಡೆದದ್ದು ಬರೆ" ಎಂದರು ನಮ್ಮ ದೊಡ್ಡ ಡಾಕ್ಟ್ರು. ಮೂಳೆ ವಿಭಾಗದ ಮುಖ್ಯಸ್ಥರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಹಾಗೆ. ಉಪದೇಶ ನನಗೂ ಬರುವುದಿಲ್ಲ. ನನಗೆ ಬರುವುದು ವಾದ. ಫಿಸಿಯೋಥೆರಪಿ ಓದುವಾಗ ಅಂಗಮರ್ದನಕ್ಕಿಂತ ಚರ್ಚಾಸ್ಪರ್ಧೆಯಲ್ಲಿ ಹೆಚ್ಚು ಹೆಸರು ಮಾಡಿದವಳು ನಾನು. ಗೆದ್ದ ಕಪ್‌ಗಳು ಇನ್ನೂ ಅಮ್ಮನ ಶೋಕೇಸಿನಲ್ಲಿವೆ. ಚರ್ಚೆಯಲ್ಲಿ ಕಲಿತದ್ದು ಒಂದು ಸೂತ್ರ: ಎದುರಿನವರು ಹೇಳಿದ್ದನ್ನು ನಂಬಬೇಡ, ಬಿರುಕು ಎಲ್ಲಿದೆ ನೋಡು. ಆ ಸೂತ್ರ ಈ ಕೆಲಸದಲ್ಲಿ ನನ್ನನ್ನು ಗೆಲ್ಲಿಸಿತು. ಅದಕ್ಕೆ ಮೊದಲು ಒಮ್ಮೆ ಚೆನ್ನಾಗಿ ಸೋಲಿಸಿತು. ಎರಡನ್ನೂ ಬರೆಯುತ್ತೇನೆ.

ಅಕ್ಕನ ಪ್ರಶ್ನೆಗೆ ಉತ್ತರ ಕೊಟ್ಟೇ ಮುಂದೆ ಹೋಗುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲೂ ಇದೇ ಪ್ರಶ್ನೆ ಬರುತ್ತದೆ. ಅಂಗಡಿಯ ತಕ್ಕಡಿಯಲ್ಲಿ ಒಂದೇ ಬೆಲ್ಲದ ಅಚ್ಚನ್ನು ಎರಡು ಸಲ ಇಟ್ಟಾಗ ಎರಡು ತೂಕ ತೋರಿಸಿದರೆ ಬೆಲ್ಲವನ್ನು ಬೈಯುತ್ತೀರಾ, ತಕ್ಕಡಿಯನ್ನು ಬೈಯುತ್ತೀರಾ? ಪ್ರಶ್ನಾವಳಿಯೂ ಒಂದು ತಕ್ಕಡಿ. ಸವೆದ ಕೀಲು ಹತ್ತು ದಿನದಲ್ಲಿ ಕೂಡಿಕೊಳ್ಳುವುದಿಲ್ಲ, ಹತ್ತು ದಿನದಲ್ಲಿ ಇನ್ನಷ್ಟು ಪುಡಿಯಾಗುವುದೂ ಇಲ್ಲ. ಹಾಗಾದರೆ ಉತ್ತರವೂ ಬದಲಾಗಬಾರದು. ಬೇರೆ ದೇಶದಲ್ಲಿ, ಬೇರೆ ಭಾಷೆಯಲ್ಲಿ ತಯಾರಾದ ತಕ್ಕಡಿಯನ್ನು ಕನ್ನಡಕ್ಕೆ ತಂದಾಗ ದಾರಿಯಲ್ಲಿ ಅದರ ಮುಳ್ಳು ವಾಲಿತೋ ಎಂದು ಪರೀಕ್ಷಿಸಲೇಬೇಕು. ಇಷ್ಟೇ ವಿಷಯ. ಅಕ್ಕ ಇದನ್ನು ಕೇಳಿ, "ಆಯ್ತು ಮಾರಾಯ್ತಿ, ಬೆಲ್ಲಕ್ಕೆ ಬಾಯಿ ಇದ್ರೆ ಎಂತ ಮಾಡ್ತಿ?" ಎಂದಳು. ಆಗ ನಕ್ಕಿದ್ದೆ. ಅವಳ ಮಾತಿನಲ್ಲಿ ನನ್ನ ಎಂಟು ವರ್ಷದ ಸಾರವಿತ್ತೆಂದು ತಿಳಿಯಲು ಬಹಳ ಸಮಯ ಬೇಕಾಯಿತು.

ನಮ್ಮ ಕೈಗೆ ಬಂದ ಮೊದಲ ಅನುವಾದ ಯಾವುದೋ ದೊಡ್ಡ ನಗರದಲ್ಲಿ, ತಂಪು ಕೋಣೆಯಲ್ಲಿ ಕುಳಿತು ಮಾಡಿದ್ದು. ವ್ಯಾಕರಣ ತಪ್ಪಿರಲಿಲ್ಲ. ಅದನ್ನು ಹಿಡಿದುಕೊಂಡು ನಾನು ಮೊದಲು ಹೋದದ್ದು ಈಶ್ವರಮಂಗಲದ ಒಬ್ಬ ಅಜ್ಜನ ಮನೆಗೆ. ಅಜ್ಜ ಜಗಲಿಯ ಮೇಲೆ ಕಾಲು ಚಾಚಿ ಕುಳಿತು, ಪರೀಕ್ಷೆಗೆ ಬಂದ ಹುಡುಗನ ಹಾಗೆ ಗಂಭೀರವಾಗಿ ಕಿವಿ ಕೊಟ್ಟರು.

"ಸ್ನಾನದ ತೊಟ್ಟಿಯೊಳಗೆ ಇಳಿಯುವಾಗ ಮತ್ತು ಹತ್ತುವಾಗ ನಿಮಗೆ ಎಷ್ಟು ತೊಂದರೆ ಆಗುತ್ತದೆ?" ಎಂದು ಓದಿದೆ.

ಅಜ್ಜ ದನದ ಹಟ್ಟಿಯ ಕಡೆ ನೋಡಿದರು. "ನಮ್ಮಲ್ಲಿ ತೊಟ್ಟಿ ಒಂದೇ ಉಂಟು. ಅದ್ರಲ್ಲಿ ದನ ನೀರು ಕುಡಿಯುದು. ನಾನ್ಯಾಕೆ ಅದಕ್ಕೆ ಇಳಿಬೇಕು?"

"ಇಳಿದರೆ ಅಂತ, ಅಜ್ಜ."

"ಇಳಿದ್ರೆ ದನಕ್ಕೆ ತೊಂದರೆ, ನನಗಲ್ಲ."

ಮುಂದಿನ ಪ್ರಶ್ನೆ ಕಾಲುಚೀಲ ಹಾಕಿಕೊಳ್ಳುವಾಗಿನ ನೋವಿನದು. ಅಜ್ಜ ತಮ್ಮ ಮದುವೆಯ ದಿನ ಒಮ್ಮೆ ಹಾಕಿದ್ದರಂತೆ. "ಆವಾಗ ನೋವಿರ್ಲಿಲ್ಲ. ಬರ್ಕೊಳ್ಳಿ ಟೀಚರೇ" ಎಂದರು. ಕಾಗದ ಹಿಡಿದು ಬರುವ ಹೆಣ್ಣುಮಕ್ಕಳೆಲ್ಲ ನಮ್ಮ ಕಡೆ ಟೀಚರೇ. ನೀವೂ ಅಭ್ಯಾಸ ಮಾಡಿಕೊಳ್ಳಿ.

ನಾನು ಆಸ್ಪತ್ರೆಗೆ ಮರಳಿ ಮೇಜು ಗುದ್ದಿದೆ. ಈ ಪ್ರಶ್ನೆಗಳನ್ನು ಕಿತ್ತು ಬಿಸಾಡೋಣ ಎಂದೆ. ದೊಡ್ಡ ಡಾಕ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಎದುರಿನವರ ವಾದಕ್ಕೆ ಗಂಡಾಂತರ. "ನಿನಗೆ ಬೇಡದ್ದು ನೀನು ಕಿತ್ತೆ, ಧಾರವಾಡದವ ಅವನಿಗೆ ಬೇಡದ್ದು ಕಿತ್ತ. ಮತ್ತೆ ಇಲ್ಲಿಯ ಮೊಣಕಾಲನ್ನೂ ಅಲ್ಲಿಯ ಮೊಣಕಾಲನ್ನೂ ಹೋಲಿಸುದು ಹೇಗೆ? ಕಾಲುಚೀಲದ ಪ್ರಶ್ನೆ ನಿಜವಾಗಿ ಎಂತದು ಕೇಳ್ತಾ ಉಂಟು? ಅದನ್ನು ಮೊದಲು ಹೇಳು."

ನಾನು ಬಾಯಿ ಮುಚ್ಚಿ ಯೋಚಿಸಿದ ಅಪರೂಪದ ದಿನಗಳಲ್ಲಿ ಅದೊಂದು. ಕಾಲುಚೀಲದ ಪ್ರಶ್ನೆ ಬಟ್ಟೆಯದಲ್ಲ. ಮೊಣಕಾಲನ್ನು ಪೂರ್ತಿ ಮಡಚಿ ಪಾದವನ್ನು ಕೈಯ ಹತ್ತಿರ ತರುವ ಚಲನೆಯದು. ತೊಟ್ಟಿಯ ಪ್ರಶ್ನೆ ಸ್ನಾನದ್ದಲ್ಲ. ಒಂದು ಕಾಲ ಮೇಲೆ ಭಾರ ಹಾಕಿ ಇನ್ನೊಂದನ್ನು ಎತ್ತಿ ದಾಟಿಸುವುದರದು. ಮರುದಿನ ನಾನು ಬರೆದುಕೊಟ್ಟೆ: "ಪಾದಕ್ಕೆ ಚುಚ್ಚಿದ ಮುಳ್ಳು ತೆಗೆಯುವಾಗ", "ತೋಟದ ನೀರಿನ ಕಣಿ ದಾಟುವಾಗ". ಈಶ್ವರಮಂಗಲದ ಅಜ್ಜನಿಗೆ ಅದನ್ನು ಓದಿದರೆ ಅವರು ಪ್ರಶ್ನೆ ಮುಗಿಯುವ ಮೊದಲೇ "ಅಯ್ಯೋ, ಅದನ್ನು ಕೇಳ್ಬೇಡಿ!" ಎಂದು ಮೊಣಕಾಲು ಹಿಡಿದುಕೊಂಡರು. ಯೋಜನೆಯ ಸಮಿತಿ ಒಪ್ಪಿತು. ಮೊದಲ ಗೆಲುವು ನನಗೂ ದೊಡ್ಡ ಡಾಕ್ಟ್ರಿಗೂ ಅರ್ಧ ಅರ್ಧ.

ಎರಡನೆಯದು ಗೆಲುವಲ್ಲ. ರಾಮಕುಂಜದ ಒಂದು ಮನೆ. ಉತ್ತರಿಸಬೇಕಾದವರು ಯಜಮಾನರ ಹೆಂಡತಿ. ಯಜಮಾನರು ಒಳ್ಳೆಯ ಮನುಷ್ಯ, ಮಾತಿಗೆ ತಡೆಯಿಲ್ಲ. ಹೆಂಡತಿ ಬಾಗಿಲ ಪಡಿಗೆ ಒರಗಿ ನಿಂತಿದ್ದರು. ನಾನು ಅವರ ಮುಖ ನೋಡಿ ಪ್ರಶ್ನೆ ಓದುತ್ತಿದ್ದೆ, ಉತ್ತರ ಯಜಮಾನರ ಬಾಯಿಂದ ಬರುತ್ತಿತ್ತು. "ಇಲ್ಲ, ಅವಳಿಗೆ ಹಾಗೆಂತ ಇಲ್ಲ." "ಇವಳಿಗಾ? ಇವಳು ಓಡ್ತಾಳೆ." ನಾನು ಎಲ್ಲದಕ್ಕೂ "ಇಲ್ಲವೇ ಇಲ್ಲ" ಎಂದು ಗುರುತು ಹಾಕಿ ಎದ್ದೆ. ಅರ್ಧ ಗಂಟೆಯ ಕೆಲಸ ಹತ್ತು ನಿಮಿಷದಲ್ಲಿ ಮುಗಿದ ಖುಷಿ ಬೇರೆ.

ಆಕೆ ಗೇಟಿನವರೆಗೆ ಬಂದರು. ಬರುವಾಗ ಎಡಗೈ ಗೋಡೆಯನ್ನು ಬಿಡಲೇ ಇಲ್ಲ. ಗೋಡೆ ಮುಗಿದ ಮೇಲೆ ದಾಸವಾಳದ ಗಿಡ ಹಿಡಿದರು. ಮೆಲ್ಲಗೆ ಹೇಳಿದರು: "ಟೀಚರೇ, ಅವರು ಅಡಿಗೆ ಕೋಣೆಯ ಒಳಗೆ ಬಂದು ಎಷ್ಟು ವರ್ಷ ಆಯ್ತೂಂತ ಒಂದು ಪ್ರಶ್ನೆ ಕೇಳ್ಬಹುದಿತ್ತು."

ನಾನು ಆ ಹಾಳೆಯನ್ನು ಹರಿದು ಹೊಸದು ತೆಗೆದೆ. ಅಡಿಗೆ ಕೋಣೆಯಲ್ಲಿ, ಅವರು ತೆಂಗಿನಕಾಯಿ ತುರಿಯುವ ಮಣೆಯ ಪಕ್ಕದಲ್ಲೇ ಕುಳಿತು ಮೊದಲಿನಿಂದ ಕೇಳಿದೆ. ಒಂದೂ ಗುರುತು ಹಿಂದಿನ ಜಾಗದಲ್ಲಿ ಬೀಳಲಿಲ್ಲ. ಆಮೇಲಿನಿಂದ ನನ್ನ ನಿಯಮ: ಯಾರ ಮೊಣಕಾಲೋ ಅವರ ಬಾಯಿ, ಅವರು ಕೆಲಸ ಮಾಡುವ ಜಾಗ. ಜಗಲಿಯಲ್ಲಿ ಸಿಗುವುದು ಮರ್ಯಾದೆಯ ಉತ್ತರ.

ಈಗ ಅನ್ನಮ್ಮನ ವಿಷಯಕ್ಕೆ ಬರುತ್ತೇನೆ. ಉಳಿದದ್ದೆಲ್ಲ ಮರೆತರೂ ಇದನ್ನು ನೆನಪಿಡಿ.

ಅನ್ನಮ್ಮ ನೆಲ್ಯಾಡಿಯ ಕಡೆಯವರು. ಮದುವೆಯಾದ ಹೊಸತರಲ್ಲಿ ಕೇರಳದಿಂದ ಗಂಡನ ಜತೆ ಬಂದು, ಗುಡ್ಡ ಸವರಿ ರಬ್ಬರ್ ನೆಟ್ಟವರು. ಗಂಡ ತೀರಿಕೊಂಡಿದ್ದರು. ಮಗ, ಸೊಸೆ, ಮೂವರು ಮೊಮ್ಮಕ್ಕಳು, ಎರಡು ನಾಯಿ, ಯಾವಾಗಲೂ ಹಾಡುತ್ತಿರುವ ರೇಡಿಯೋ ಇರುವ ಗದ್ದಲದ ಮನೆ. ಅಲ್ಲಿ ಎಲ್ಲರೂ ಅವರನ್ನು ಅಮ್ಮಚ್ಚಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಗೆ ನಾನು "ಮೋಳೆ", ಅಂದರೆ ಮಗಳು. ಬಲಮೊಣಕಾಲಿನ ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವೆ ಬೆಳಕು ಹಾಯುವಷ್ಟೂ ಸಂದು ಉಳಿದಿರಲಿಲ್ಲ.

ಆದರೆ ಅವರ ಸಂಕಟ ನೋವಿನದು ಮಾತ್ರ ಅಲ್ಲ. ಮನೆಯ ಮೇಲಿನ ಗುಡ್ಡದಲ್ಲಿ ಅವರೂ ಗಂಡನೂ ಮೊದಲು ನೆಟ್ಟ ಸಾಲುಗಳಿದ್ದವು. ಅವನ್ನು ಯಾವಾಗಲೂ ಅವರೇ ಟ್ಯಾಪಿಂಗ್ ಮಾಡುತ್ತಿದ್ದರು, ಅಂದರೆ ತೊಗಟೆ ಗೀರಿ ರಬ್ಬರ್ ಹಾಲು ಇಳಿಸುತ್ತಿದ್ದರು. ಕಾಲು ಸೋತ ಮೇಲೆ ಮಗ ಕೂಲಿಗೆ ಒಬ್ಬ ಟ್ಯಾಪರನ್ನು ಇಟ್ಟ. "ಅವ ಕೊಯ್ಯುದಲ್ಲ ಮೋಳೆ, ಕಡಿಯುದು" ಎನ್ನುತ್ತಿದ್ದರು. "ತೊಗಟೆಯಲ್ಲಿ ನಿಲ್ಲಬೇಕಾದ ಕತ್ತಿ ಮರಕ್ಕೆ ತಾಗ್ತದೆ. ಮರಕ್ಕೆ ಗಾಯ ಆಗ್ತದೆ. ನಾನು ಇಲ್ಲಿ ಕೂತು ಹೇಳಿದ್ರೆ ಅವ ಅಲ್ಲಿಂದ ಹೂಂ ಅಂತಾನೆ. ಮೇಲೆ ಹೋಗಿ ನೋಡ್ಲಿಕ್ಕೆ ಕಾಲಿಲ್ಲ."

ಆ ವರ್ಷ ದಾನಿಗಳ ಒಂದು ಮಂಡಳಿ ನಮ್ಮ ರೋಗಿಗಳಲ್ಲಿ ಕೆಲವರಿಗೆ ಕೃತಕ ಕೀಲು ಹಾಕಿಸಿಕೊಡಲು ಮುಂದೆ ಬಂತು. ಪಟ್ಟಿಗೆ ಸೇರಲು ಎಕ್ಸ್‌ರೇ ಒಂದೇ ಸಾಲದು. ದಿನನಿತ್ಯದ ಕಷ್ಟ ಪ್ರಶ್ನಾವಳಿಯಲ್ಲೂ ಕಾಣಬೇಕು, ಎರಡು ಸಲ ಕೇಳಿದಾಗ ಹತ್ತಿರ ಹತ್ತಿರ ಒಂದೇ ಉತ್ತರ ಬರಬೇಕು. ಹಾಗೆ ಬಾರದವರ ಹೆಸರಿನ ಮುಂದೆ "ಅವಿಶ್ವಾಸಾರ್ಹ" ಎಂದು ಬರೆದು ಕೈಬಿಡುವುದು. ಆ ಪದವನ್ನು ಸೂಚಿಸಿದವಳು ನಾನೇ. ಚೆನ್ನಾಗಿದೆ ಎನ್ನಿಸಿತ್ತು.

ಮೊದಲ ಭೇಟಿ ಸೋಮವಾರ. ಪುತ್ತೂರಿನಲ್ಲಿ ಅವತ್ತು ಸಂತೆ, ಸುತ್ತಲಿನ ಹಳ್ಳಿಯವರೆಲ್ಲ ಪೇಟೆಗೆ ಇಳಿಯುತ್ತಾರೆ, ಮೂಳೆ ಡಾಕ್ಟರನ್ನೂ ನೋಡಿ ಹೋಗುತ್ತಾರೆ. ಎರಡನೆಯ ಭೇಟಿ ಮುಂದಿನ ವಾರದ ಗುರುವಾರ, ಅವರ ಮನೆಯಲ್ಲಿ. ನಮಗೆ ಆಸ್ಪತ್ರೆಯ ಜೀಪು ಸಿಗುತ್ತಿದ್ದುದು ಗುರುವಾರ ಮಾತ್ರ. ಈ ವೇಳಾಪಟ್ಟಿ ಹಾಕಿದವಳೂ ನಾನೇ.

ಅನ್ನಮ್ಮ ಸೋಮವಾರ ಹೆಚ್ಚುಕಡಿಮೆ ಎಲ್ಲ ಪ್ರಶ್ನೆಗೂ "ವಿಪರೀತ" ಎಂದಿದ್ದರು. ಗುರುವಾರ ಅವೇ ಪ್ರಶ್ನೆಗಳಿಗೆ "ಮಧ್ಯಮ", ಕೆಲವಕ್ಕೆ "ಸ್ವಲ್ಪ". ಅವರ ಹೆಸರಿನ ಮುಂದೆ ನನ್ನ ಚೆಂದದ ಪದ ಬಿತ್ತು. ಅವರೊಬ್ಬರದೇ ಅಲ್ಲ, ಅಂಥವರು ಪುಟ ತುಂಬ ಇದ್ದರು. ಪಟ್ಟಿ ನೋಡಿ ದೊಡ್ಡ ಡಾಕ್ಟ್ರು ಹೇಳಿದರು: "ನಾನು ಮೊದಲೇ ಹೇಳಿದ್ದೆ. ವಯಸ್ಸಾದವರಿಗೆ ನಿನ್ನೆಯದ್ದು ಇವತ್ತು ನೆನಪಿರುದಿಲ್ಲ. ಎಕ್ಸ್‌ರೇ ಸುಳ್ಳು ಹೇಳುದಿಲ್ಲ, ಮನುಷ್ಯ ಹೇಳ್ತಾನೆ. ಈ ಕನ್ನಡ ಪ್ರಶ್ನಾವಳಿಯನ್ನು ಇಲ್ಲಿಗೇ ನಿಲ್ಲಿಸುವ." ನಾನೂ ತಲೆಯಾಡಿಸಿದೆ. ಸಂಶಯಪಡುವುದು ನನ್ನ ಜಾಣತನ ಎಂದುಕೊಂಡಿದ್ದವಳು ಎಲ್ಲರನ್ನೂ ಸಂಶಯಪಟ್ಟೆ, ನನ್ನನ್ನು ಬಿಟ್ಟು.

ಪಟ್ಟಿಯಿಂದ ಬಿಟ್ಟುಹೋದವರಿಗೆ ಸುದ್ದಿ ಮುಟ್ಟಿಸುವ ಕೆಲಸವೂ ನನ್ನ ಪಾಲಿಗೇ ಬಂತು. ನೆಲ್ಯಾಡಿಗೆ ಹೋದಾಗ ಅನ್ನಮ್ಮ ಅಂಗಳದ ಬದಿಯಲ್ಲಿ ಕುಳಿತು ಒಣಗಿದ ರಬ್ಬರ್ ಶೀಟುಗಳನ್ನು ಮಡಚುತ್ತಿದ್ದರು. ವಿಷಯ ಹೇಳಿದೆ. ಅವರು ಅಳಲಿಲ್ಲ, ಬೈಯಲಿಲ್ಲ. ಕೈಯಲ್ಲಿದ್ದ ಶೀಟನ್ನು ಪಕ್ಕಕ್ಕಿಟ್ಟರು.

"ಅಂದ್ರೆ ನಾನು ಸುಳ್ಳು ಹೇಳಿದೆ."

"ಹಾಗಲ್ಲ ಅಮ್ಮಚ್ಚಿ. ನಿಮ್ಮ ಎರಡು ಉತ್ತರ ತಾಳೆ ಆಗುದಿಲ್ಲ."

"ಎರಡೂ ಸತ್ಯ."

"ಎರಡೂ ಸತ್ಯ ಆಗ್ಲಿಕ್ಕೆ ಸಾಧ್ಯ ಇಲ್ಲ. ಕಾಲು ಒಂದೇ. ಒಂದು ಸಲ ವಿಪರೀತ, ಒಂದು ಸಲ ಸ್ವಲ್ಪ ಅಂದ್ರೆ ಒಂದು ತಪ್ಪು ಇರ್ಲೇಬೇಕಲ್ಲ?"

"ನೀನು ಕಾಲೇಜಿನಲ್ಲಿ ಮಾತಾಡಿ ಕಪ್ ತಗೊಂಡವಳು ಅಂತ ನಿನ್ನ ಡ್ರೈವರ್ ಹೇಳಿದ್ದಾನೆ" ಎಂದರು ಅನ್ನಮ್ಮ. "ಕಾಗದ ಉಂಟಾ ಕೈಯಲ್ಲಿ? ಓದು. ಮೇಲಿನ ಸಾಲಿನಿಂದ ಓದು."

ಓದಿದೆ. "ಕಳೆದ ಎರಡು ದಿನಗಳಲ್ಲಿ ನಿಮ್ಮ ಮೊಣಕಾಲಿನಿಂದಾಗಿ..."

"ನಿಲ್ಲು. ಆಸ್ಪತ್ರೆಯಲ್ಲಿ ನೀನು ಕೇಳಿದ್ದು ಯಾವಾಗ?"

"ಸೋಮವಾರ."

"ಸೋಮವಾರದ ಹಿಂದಿನ ಎರಡು ದಿನ ಯಾವುದು ಮೋಳೆ?"

"ಶನಿವಾರ, ಆದಿತ್ಯವಾರ."

"ಶನಿವಾರ ನಾವು ಹೆಂಗಸರು ಚರ್ಚ್ ಗುಡಿಸಿ ಒರೆಸುದು. ಆದಿತ್ಯವಾರ ಅಷ್ಟು ಮೆಟ್ಟಿಲು ಹತ್ತಿ ಹೋಗಿ ನೆಲಕ್ಕೆ ಮೊಣಕಾಲೂರುದು. ಬೆಂಚಲ್ಲಿ ಕೂತ್ಕೊಳ್ಳಿ ಅಂತಾರೆ, ನಾನು ಕೂರುದಿಲ್ಲ. ಮಧ್ಯಾಹ್ನ ನೆಂಟರು, ಅಡಿಗೆ. ಸೋಮವಾರ ನೀನು ಕೇಳುವಾಗ ನನ್ನ ಕಾಲು ಬೆಂಕಿ. ಇಲ್ಲಿ ಬಂದು ಕೇಳಿದ್ದು ಗುರುವಾರ. ಮಂಗಳವಾರ, ಬುಧವಾರ ಎಣ್ಣೆ ಹಚ್ಚಿ ಮಂಚದಲ್ಲಿ ಕಾಲು ನೀಡಿ ಇದ್ದೆ, ಸೊಸೆ ಏಳ್ಲಿಕ್ಕೇ ಬಿಡ್ಲಿಲ್ಲ. ನೀನು ಎರಡು ದಿನದ ಲೆಕ್ಕ ಕೇಳಿದಿ, ನಾನು ಎರಡು ದಿನದ್ದು ಹೇಳಿದೆ. ನಿನಗೆ ಇಡೀ ವಾರದ್ದು ಬೇಕಿದ್ರೆ ಹಾಗೆ ಕೇಳ್ಬೇಕಿತ್ತು."

ಒಳಗಿನಿಂದ ಸೊಸೆ ಷೀಬಾ ಕೂಗಿ ಹೇಳಿದಳು: "ಅಮ್ಮಚ್ಚಿಯ ಹತ್ರ ವಾದಕ್ಕೆ ನಿಲ್ಬೇಡಿ ಟೀಚರೇ. ನಮ್ಮ ಫಾದರೇ ನಿಲ್ಲುದಿಲ್ಲ."

ಎಷ್ಟೋ ವೇದಿಕೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿದ್ದೇನೆ. ರಬ್ಬರ್ ಶೀಟಿನ ರಾಶಿಯ ಪಕ್ಕದಲ್ಲಿ ನಾನು ಸೋತೆ. ಅನ್ನಮ್ಮ ಪ್ರಶ್ನಾವಳಿಯನ್ನು ಅಕ್ಷರಶಃ ನಂಬಿದ್ದರು. ಅದರ ಮೊದಲ ಸಾಲನ್ನು ನಿಜವಾಗಿ ಕೇಳಿಸಿಕೊಂಡವರು ನಮ್ಮ ಯೋಜನೆಯವರಲ್ಲ, ಅವರು. ನಾನು ನೂರಾರು ಸಲ ಓದಿದ್ದೆ, ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಆದರೂ ನನ್ನೊಳಗಿನ ಚರ್ಚಾಪಟು ಸುಲಭಕ್ಕೆ ಶರಣಾಗುವವಳಲ್ಲ. ಜೀಪಿನಲ್ಲಿ ಬರುವಾಗ ನನಗೆ ನಾನೇ ಎದುರು ವಾದ ಹೂಡಿದೆ. ಇದು ಒಬ್ಬ ಅಜ್ಜಿಯ ಕಥೆ. ಎಲ್ಲರೂ ಚರ್ಚಿಗೆ ಹೋಗುವವರಲ್ಲವಲ್ಲ? ಆಮೇಲೆ ಒಬ್ಬೊಬ್ಬರನ್ನೇ ನೆನಪಿಸಿಕೊಂಡೆ. ರಾಮಕುಂಜದ ಯಜಮಾನರ ಮನೆಯಲ್ಲಿ ಹಾಲು ಕರೆಯುವ ಹೆಂಗಸಿಗೆ ಆದಿತ್ಯವಾರ ರಜೆ, ಅವತ್ತು ಹಟ್ಟಿಯಲ್ಲಿ ಕುಕ್ಕರಗಾಲಿನಲ್ಲಿ ಕೂರುವವರು ಅವರ ಹೆಂಡತಿಯೇ. ಈಶ್ವರಮಂಗಲದ ಅಜ್ಜನಿಗೆ ಶನಿವಾರ ಭಜನೆ, ಚಾಪೆಯ ಮೇಲೆ ಚಕ್ಕಳಮಕ್ಕಳ. ಮದುವೆ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ನಿಕಾಹ್, ಎಲ್ಲವನ್ನೂ ನಮ್ಮ ಯೋಜನೆಯ ಮೂರು ತಾಲೂಕಿನವರು ಆದಿತ್ಯವಾರಕ್ಕೇ ತಳ್ಳುತ್ತಾರೆ, ಮಕ್ಕಳಿಗೆ ರಜೆ ಇರುವುದು ಆಗ ಎಂದು. ನಮ್ಮಲ್ಲಿ ಜಾತಿ ಯಾವುದಿದ್ದರೂ ಮೊಣಕಾಲಿಗೆ ವಾರದ ಕೊನೆಯೇ ಕಷ್ಟಕಾಲ.

ಇದೂ ಊಹೆ. ಊಹೆಗೆ ದೊಡ್ಡ ಡಾಕ್ಟ್ರ ಮೇಜಿನಲ್ಲಿ ಜಾಗವಿಲ್ಲ. ಮರುದಿನ ಬೆಳಗ್ಗೆ ದಾಖಲೆಯ ಕೋಣೆಯಲ್ಲಿ ನೆಲಕ್ಕೆ ಚಾಪೆ ಹಾಸಿ ಎಲ್ಲರ ಹಾಳೆಗಳನ್ನು ಎರಡು ರಾಶಿ ಮಾಡಿದೆ. ಎರಡನೇ ಸಲ ಕಷ್ಟ ಹೆಚ್ಚಾದವರು ಎಡಕ್ಕೆ, ಕಡಿಮೆಯಾದವರು ಬಲಕ್ಕೆ. ಮಧ್ಯಾಹ್ನದ ಹೊತ್ತಿಗೆ ಬಲಗಡೆಯ ರಾಶಿ ನನ್ನ ಮೊಣಕಾಲಿನ ಎತ್ತರಕ್ಕೆ ಬಂದಿತ್ತು. ಎಡಗಡೆ ಬೆರಳೆಣಿಕೆಯ ಹಾಳೆ.

ನಾನು ಚಾಪೆಯ ಮೇಲೆ ಎದ್ದು ನಿಂತು ಒಬ್ಬಳೇ ಚಪ್ಪಾಳೆ ತಟ್ಟಿದೆ. ಯಾಕೆ ಗೊತ್ತೇ? ಮರೆವಿಗೆ ದಿಕ್ಕಿಲ್ಲ. ಮರೆತವರು ಒಮ್ಮೆ ಹೆಚ್ಚು ಹೇಳುತ್ತಾರೆ, ಒಮ್ಮೆ ಕಡಿಮೆ ಹೇಳುತ್ತಾರೆ. ರಾಶಿಗಳು ಹೆಚ್ಚುಕಡಿಮೆ ಸಮ ಇರಬೇಕಿತ್ತು. ಎಲ್ಲರೂ ಒಂದೇ ಕಡೆಗೆ ಮರೆಯುವುದಿಲ್ಲ. ಇದು ಮುದುಕರ ಮರೆವಲ್ಲ, ಯಾರೋ ಒಬ್ಬರ ವೇಳಾಪಟ್ಟಿ.

ಇನ್ನೊಂದು ಸಾಕ್ಷಿಯೂ ಸಿಕ್ಕಿತು. ಆ ಮಳೆಗಾಲದಲ್ಲಿ ಜೀಪು ಗ್ಯಾರೇಜಿನಲ್ಲಿದ್ದಾಗ ಕೆಲವರನ್ನು ಎರಡನೇ ಸಲವೂ ಸೋಮವಾರವೇ ಆಸ್ಪತ್ರೆಗೆ ಕರೆಸಿದ್ದೆವು. ಅವರ ಹಾಳೆಗಳನ್ನು ಹುಡುಕಿ ತೆಗೆದೆ. ಜೋಡಿ ಜೋಡಿಯಾಗಿ ಬೆಳಕಿಗೆ ಹಿಡಿದರೆ ಗುರುತಿನ ಮೇಲೆ ಗುರುತು ಕುಳಿತಿತ್ತು.

ಸಭೆ ಶುಕ್ರವಾರ. ಮರುವಾರ ಪಟ್ಟಿ ದಾನಿಗಳಿಗೆ ಹೋಗುವುದಿತ್ತು. ಹೋದರೆ ಅನ್ನಮ್ಮನ ಕಾಲೂ ಅವರ ಮರಗಳೂ ಇದ್ದ ಹಾಗೇ. ಎರಡು ರಾಶಿಗಳನ್ನೂ ಹೊತ್ತುಕೊಂಡು ಹೋಗಿ ಮೇಜಿನ ಮೇಲಿಟ್ಟೆ.

"ಎಂತ ಇದು, ಪ್ರದರ್ಶನವಾ?" ಎಂದರು ದೊಡ್ಡ ಡಾಕ್ಟ್ರು. "ನೋಡು ಚೇತನಾ, ಇಲ್ಲಿ ಚಪ್ಪಾಳೆ ಇಲ್ಲ, ಅಂಕೆ ಮಾತ್ರ."

"ಅಂಕೆಯೇ ಸರ್. ಮುದುಕರ ಮರೆವು ಅಂತ ನೀವು ಹೇಳಿದ್ರಿ. ಮರೆವಾದ್ರೆ ಈ ಎರಡು ರಾಶಿ ಸಮ ಇರ್ಬೇಕು. ಯಾಕಿಲ್ಲ?"

ಅವರು ಕನ್ನಡಕ ತೆಗೆದರು. ಆದರೆ ಒರೆಸಲಿಲ್ಲ. ಬಲಗಡೆಯ ರಾಶಿಯಿಂದ ನಾಲ್ಕು ಜೋಡಿ ಎಳೆದು ನೋಡಿದರು. ಎಡಗಡೆಯದನ್ನೂ ನೋಡಿದರು. ನಾನು ಸೋಮವಾರದ ಕಥೆ, ಗುರುವಾರದ ಕಥೆ ಹೇಳಿ, ಜೀಪು ಕೆಟ್ಟಾಗಿನ ಜೋಡಿಗಳನ್ನು ಕೊನೆಗೆ ಇಟ್ಟೆ. ಗಟ್ಟಿ ಸಾಕ್ಷಿಯನ್ನು ಕೊನೆಗೆ ಇಡಬೇಕು, ಅದು ಕಾಲೇಜಿನ ಪಾಠ.

ಕೊನೆಯ ಜೋಡಿಯನ್ನು ಕೆಳಗಿಟ್ಟು ಕೇಳಿದರು: "ಈ ವೇಳಾಪಟ್ಟಿ ಹಾಕಿದ್ದು ಯಾರು?"

ಚರ್ಚಾಸ್ಪರ್ಧೆಯಲ್ಲಿ ಇದಕ್ಕೆ ಹತ್ತು ಉತ್ತರಗಳಿವೆ. ಜೀಪು ಸಿಗದ್ದು ಆಡಳಿತದ ತಪ್ಪು ಎನ್ನಬಹುದು. ಮೂಲ ನಿಯಮದಲ್ಲಿ ವಾರದ ಮಾತೇ ಇಲ್ಲ ಎನ್ನಬಹುದು. ಅದು ನಿಜ ಕೂಡ. ಬಾಯಿಯ ತನಕ ಬಂತು. ರಬ್ಬರ್ ಶೀಟಿನ ಪಕ್ಕ ಕುಳಿತು "ಅಂದ್ರೆ ನಾನು ಸುಳ್ಳು ಹೇಳಿದೆ" ಎಂದ ಮುಖವೂ ಅದರ ಜತೆಗೇ ಬಂತು.

"ನಾನು ಸರ್. ಅವರ್ಯಾರೂ ಅವಿಶ್ವಾಸಾರ್ಹರಲ್ಲ. ತಪ್ಪು ನನ್ನದು."

ದೊಡ್ಡ ಡಾಕ್ಟ್ರು ಕನ್ನಡಕ ಹಾಕಿಕೊಂಡರು. "ಹಾಗೆ ಹೇಳು. ಇಷ್ಟು ವರ್ಷದಲ್ಲಿ ಈ ಮೇಜಿನಲ್ಲಿ ಆ ಮಾತು ಕೇಳಿದ್ದು ಇವತ್ತೇ" ಎಂದು ಫೋನೆತ್ತಿದರು. ದಾನಿಗಳ ಕಡೆಯವರಿಗೆ, "ಪಟ್ಟಿ ಎರಡು ವಾರ ತಡ ಆಗ್ತದೆ. ನಮ್ಮಿಂದ ಒಂದು ತಪ್ಪಾಗಿದೆ" ಎಂದರು. ನನ್ನಿಂದ ಎನ್ನಲಿಲ್ಲ, ನಮ್ಮಿಂದ ಎಂದರು. ಮೇಲಧಿಕಾರಿಗಳನ್ನು ತೂಗುವ ತಕ್ಕಡಿ ಬೇಕಿದ್ದರೆ ಇದನ್ನು ಇಟ್ಟುಕೊಳ್ಳಿ.

ಆಮೇಲೆ ಎರಡು ಸೋಮವಾರಗಳು. ಕೈಬಿಟ್ಟವರನ್ನೆಲ್ಲ ಮತ್ತೆ ಕರೆದೆವು. ಅಡಿಕೆ ತೋಟದವರು, ರಬ್ಬರಿನವರು, ಸುಳ್ಯದ ಮೇಲಿನ ಹಳ್ಳಿಗಳವರು, ಗುಂಡ್ಯದಿಂದ ಬಸ್ಸು ಹಿಡಿದು ಬಂದವರು. "ಮೊನ್ನೆ ಮೊನ್ನೆ ಕೇಳಿದ್ದಲ್ವಾ?" "ಟೀಚರಿಗೆ ಮರೆವು ಬಂದಿದೆ" ಎಂದು ಬೆಂಚು ಪೂರ್ತಿ ನಗೆ. ಒಪ್ಪಿಕೊಂಡೆ. ಅವರಿಗೆ ಇಲ್ಲದ ಮರೆವನ್ನು ನಾವು ಹೊರಿಸಿದ್ದೆವು, ಅದನ್ನು ಸ್ವಲ್ಪ ದಿನ ನಾನು ಹೊತ್ತುಕೊಂಡರೆ ನಷ್ಟವೇನು?

ಎರಡನೇ ಸೋಮವಾರ ಅನ್ನಮ್ಮನ ಹಾಳೆಯನ್ನು ಹಿಂದಿನ ವಾರದ್ದರ ಮೇಲಿಟ್ಟು ದೊಡ್ಡ ಡಾಕ್ಟ್ರೇ ಕಿಟಕಿಗೆ ಹಿಡಿದರು. ಒಂದನ್ನು ಬಿಟ್ಟು ಎಲ್ಲ ಗುರುತೂ ಒಂದರ ಮೇಲೊಂದು. ಆ ಒಂದು, ಮೆಟ್ಟಿಲು ಇಳಿಯುವ ಪ್ರಶ್ನೆ, "ತುಂಬ" ಇದ್ದದ್ದು "ವಿಪರೀತ" ಆಗಿತ್ತು.

"ಇದೆಂತ ಅಮ್ಮ?" ಎಂದು ಕೇಳಿದರು.

"ನಿನ್ನೆ ಚರ್ಚಿನ ಮೆಟ್ಟಿಲಲ್ಲಿ ಪಾಚಿ ಇತ್ತು ಡಾಕ್ಟ್ರೆ. ಒದ್ದೆ ಮೆಟ್ಟಿಲು ಇಳಿಯುದು ಬೇರೆ, ಒಣ ಮೆಟ್ಟಿಲು ಇಳಿಯುದು ಬೇರೆ. ಸುಳ್ಳು ಬರೆಸ್ಲಾ?"

ಡಾಕ್ಟ್ರು ಜೋರಾಗಿ ನಕ್ಕರು. ಹೊರಗಿನ ಬೆಂಚಿನವರು ಇಣುಕಿ ನೋಡುವಷ್ಟು. "ಎಲ್ಲವೂ ಒಂದೇ ಇದ್ದಿದ್ರೆ ನಾನು ಈ ಹುಡುಗಿಯನ್ನು ಸಂಶಯಪಡ್ತಿದ್ದೆ" ಎಂದರು. ಇದು ನಿಮಗೂ ಪಾಠ: ಕೂದಲೆಳೆಯೂ ವ್ಯತ್ಯಾಸವಿಲ್ಲದ ಹಾಳೆಗಳನ್ನು ಯಾರಾದರೂ ತಂದರೆ, ಮನೆಗೆ ಹೋಗದೆ ಮರದ ಕೆಳಗೆ ಕುಳಿತು ತುಂಬಿಸಿದ್ದಾರೆ ಎಂದು ತಿಳಿಯಿರಿ.

ಪಟ್ಟಿ ಹೋಯಿತು. ಅನ್ನಮ್ಮನ ಹೆಸರು ಅದರಲ್ಲಿತ್ತು. ನಮ್ಮ ಕನ್ನಡ ಪ್ರಶ್ನಾವಳಿ ಆ ಪರೀಕ್ಷೆಯಲ್ಲೂ, ಆಮೇಲಿನ ಪರೀಕ್ಷೆಗಳಲ್ಲೂ ಪಾಸಾಯಿತು. ಈಗ ಅದರ ಮೊದಲ ಪುಟದಲ್ಲಿ, ಪ್ರಶ್ನೆ ಕೇಳುವವರಿಗೆ ಕೊಟ್ಟ ಸೂಚನೆಗಳಲ್ಲಿ, ಒಂದು ಸಾಲು ದಪ್ಪ ಅಕ್ಷರದಲ್ಲಿ ಇದೆ: ಮೊದಲ ಭೇಟಿ ವಾರದ ಯಾವ ದಿನವೋ ಎರಡನೆಯದೂ ಅದೇ ದಿನ ಆಗಬೇಕು. ಅದನ್ನು ಬರೆದವಳು ನಾನು ಎಂದು ಎಲ್ಲೂ ಹೆಸರಿಲ್ಲ. ಬರೆಸಿದವರ ಹೆಸರಂತೂ ಇಲ್ಲವೇ ಇಲ್ಲ. "ಅವಿಶ್ವಾಸಾರ್ಹ" ಎಂಬ ಪದವನ್ನು ಮಾತ್ರ ನಾನೇ ಕೈಯಾರೆ ಹೊಡೆದುಹಾಕಿದೆ. ಅದರ ಜಾಗದಲ್ಲಿ ಈಗ "ಮತ್ತೊಮ್ಮೆ ಕೇಳಿ" ಎಂದಿದೆ.

ನೀವು ಬರುವ ಹೊತ್ತಿಗೆ ಕಾಗದ ಹೋಗಿರುತ್ತದೆ. ಟ್ಯಾಬ್ ಕೊಡುತ್ತಾರೆ. ಬೆರಳಿಟ್ಟರೆ ಮುಗಿಯಿತು, ಅಂಕೆ ತಾನೇ ಕೂಡಿಕೊಳ್ಳು­ತ್ತದೆ. ನಾನು ಕಾಗದದ ಪಕ್ಷಪಾತಿಯಲ್ಲ, ಎಂಟು ವರ್ಷ ಅದರ ಕಟ್ಟು ಹೊತ್ತು ನನ್ನ ಭುಜ ಒಂದು ಕಡೆಗೆ ವಾಲಿದೆ. ಆದರೆ ಟ್ಯಾಬಿನಲ್ಲಿ ರಾಶಿ ಮಾಡಲು ಬರುವುದಿಲ್ಲ. ಒಂದು ರಾಶಿ ಮೊಣಕಾಲಿನೆತ್ತರ, ಇನ್ನೊಂದು ಬೆರಳೆತ್ತರ ಎಂದು ಕಣ್ಣಿಗೆ ಹೊಡೆಯುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆಯಾದರೂ ಒಬ್ಬೊಬ್ಬರ ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ಮೊದಲು ಸಂಶಯಪಡಬೇಕಾದವರು ಯಾರೆಂದು ನಿಮಗೀಗ ಗೊತ್ತು.

ಶಾಲು ಹೊದಿಸಿಕೊಂಡ ಮರುವಾರ ನಾನು ನೆಲ್ಯಾಡಿಗೆ ಹೋದೆ. ಅನ್ನಮ್ಮ ಮನೆಯಲ್ಲಿರಲಿಲ್ಲ. "ಮೇಲೆ ಇದ್ದಾರೆ" ಎಂದು ಷೀಬಾ ಗುಡ್ಡ ತೋರಿಸಿದಳು. ಅಮ್ಮನ ಹೊಸ ಕೀಲಿಗೆಂದು ಮಗ ಇಳಿಜಾರಿನಲ್ಲಿ ಅಗಲದ ಮೆಟ್ಟಿಲು ಕಡಿಸಿ, ಬಿದಿರಿನ ಕೈಹಿಡಿ ಕಟ್ಟಿದ್ದ. ನಾನು ಹತ್ತಿದೆ. ಮೂರನೆಯ ತಿರುವಿನಲ್ಲಿ ಉಸಿರು ನಿಂತಂತಾಗಿ ಸೊಂಟಕ್ಕೆ ಕೈ ಕೊಟ್ಟು ನಿಂತೆ. ಮೇಲಿನಿಂದ ಧ್ವನಿ ಕೇಳುತ್ತಿತ್ತು.

"ಕತ್ತಿ ಓರೆ ಹಿಡಿ ಮಾರಾಯ! ಹಾಂ. ಅಷ್ಟೇ. ಇನ್ನು ಒಳಗೆ ಹೋಗ್ಬೇಡ."

ಗಂಡನ ಜತೆ ಮೊದಲು ನೆಟ್ಟ ಸಾಲಿನ ನಡುವೆ ಅನ್ನಮ್ಮ ಕೋಲೂರಿ ನಿಂತಿದ್ದರು. ಟ್ಯಾಪರು ಮರಕ್ಕೆ ಕತ್ತಿ ಹಿಡಿದಿದ್ದ, ತೆಂಗಿನ ಗೆರಟೆಗೆ ಬಿಳಿ ಹಾಲು ತೊಟ್ಟಿಕ್ಕುತ್ತಿತ್ತು. ಹಳೆಯ ಗಾಯಗಳ ಮೇಲೆ ಹೊಸ ತೊಗಟೆ ಬೆಳೆದು ಗಂಟುಗಂಟಾಗಿತ್ತು, ಅದರ ಕೆಳಗೆ ಹೊಸ ಗೀರುಗಳು ತೆಳ್ಳಗೆ, ಒಂದೇ ಅಳತೆಯಲ್ಲಿದ್ದವು. ಅವರು ನನ್ನನ್ನು ನೋಡಿದರು. ನಾನು ಏದುಸಿರು ಬಿಡುವುದನ್ನು ಸಮಾಧಾನವಾಗಿ ಪೂರ್ತಿ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ನನ್ನದೇ ಧಾಟಿಯಲ್ಲಿ ಕೇಳಿದರು:

"ಕಳೆದ ಎರಡು ದಿನಗಳಲ್ಲಿ, ಗುಡ್ಡ ಹತ್ತುವಾಗ ನಿನಗೆ ಎಷ್ಟು ತೊಂದರೆ ಆಗಿದೆ? ಇಲ್ಲವೇ ಇಲ್ಲ, ಸ್ವಲ್ಪ, ಮಧ್ಯಮ, ತುಂಬ, ವಿಪರೀತ?"

"ತುಂಬ, ಅಮ್ಮಚ್ಚಿ."

"ಇವತ್ತು ಎಂತ ವಾರ?"

"ಸೋಮವಾರ."

ಕೋಲಿನ ತುದಿಯಿಂದ ಮಣ್ಣಿನ ಮೇಲೆ ಒಂದು ಗೀಟು ಎಳೆದರು. "ಬರ್ಕೊಂಡೆ. ಮುಂದಿನ ಸೋಮವಾರ ಪುನಃ ಬಾ, ಕೇಳ್ತೇನೆ. ಗುರುವಾರ ಬಂದ್ರೆ ನಾನು ನಂಬುದಿಲ್ಲ."